ಕೆರೆ ಏರಿ, ಗದ್ದೆ ಬದು, ಬೆಟ್ಟ ಸುತ್ತೋರಿಗೆ: ಮೊಬೈಲಾ, ಸೂಪರ್‌ಝೂಮಾ, ಲೆನ್ಸ್ ಹಾಕೋ ಕ್ಯಾಮೆರಾನಾ?

ಮೈಸೂರು ಮಂಡ್ಯ ಕಡೆ ಬೆಳಿಗ್ಗೆ ಎದ್ದು ಕೆರೆ ಸುತ್ತೋರು, ಭಾನುವಾರ ಬಂದ್ರೆ ಸ್ಕೂಟರ್ ಹತ್ತಿ ಕರಿಘಟ್ಟ, ಕುಂತಿಬೆಟ್ಟ, ಮೇಲುಕೋಟೆ ಅಂತ ಹೊರಡೋರು ಜಾಸ್ತಿ ಆಗಿದ್ದಾರೆ, ಅದರ ಜೊತೆಗೇ "ಯಾವ ಕ್ಯಾಮೆರಾ ತಗೊಳ್ಳಿ" ಅನ್ನೋ ಪ್ರಶ್ನೆನೂ ಜಾಸ್ತಿ ಆಗಿದೆ. ಕೇಳೋರು ಬಜೆಟ್ ಹೇಳ್ತಾರೆ, ಬ್ರ್ಯಾಂಡ್ ಹೇಳ್ತಾರೆ, ಯೂಟ್ಯೂಬಲ್ಲಿ ಯಾರು ಏನಂದ್ರು ಅನ್ನೋದನ್ನೂ ಹೇಳ್ತಾರೆ. ಎಲ್ಲಿ ನಡೀತಾರೆ, ಎಷ್ಟು ದೂರ ನಡೀತಾರೆ, ಅಲ್ಲಿ ಹಕ್ಕಿ ಎಷ್ಟು ಮೀಟರ್ ಆಚೆ ಕೂರತ್ತೆ ಅನ್ನೋದನ್ನ ಮಾತ್ರ ಹೇಳಲ್ಲ. ಅದೇ ಗೊತ್ತಿಲ್ಲದೆ ಕ್ಯಾಮೆರಾ ಹೆಸರು ಹೇಳೋದು ಅಂದ್ರೆ ಕಣ್ಣು ಮುಚ್ಕೊಂಡು ಕಲ್ಲು ಹೊಡೆದಂಗೆ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ, ಪೂರ್ತಿ ಓದೋ ಪುರುಸೊತ್ತಿಲ್ಲದವರಿಗೆ ಅನುಕೂಲ. ನಡೆಯೋರಿಗೆ ಬೇಕಾಗಿರೋದು ಜೇಬಲ್ಲಿರೋ ಮೊಬೈಲು, ಜೊತೆಗೆ ಹೆಗಲಿಗೆ ಒಂದು ಕೇಜಿ ಆಸುಪಾಸಿನ ಒಂದು ಟೆಲಿ ಸೆಟಪ್ಪು (ದೂರದ್ದನ್ನ ಹತ್ರ ತರೋ ಲೆನ್ಸು, ಅದರ ಕ್ಯಾಮೆರಾ), ಅಷ್ಟೇ. ಎರಡು ಕೇಜಿ ಮೇಲಿನ ಲೆನ್ಸ್ ಜೀಪಲ್ಲಿ ಕೂತು ಸಫಾರಿ ಮಾಡೋರದ್ದು. ಸೂಪರ್‌ಝೂಮ್, ಅಂದ್ರೆ ಬಿಚ್ಚೋಕಾಗದ ಒಂದೇ ಉದ್ದ ಝೂಮ್ ಲೆನ್ಸ್ ಇರೋ ಕ್ಯಾಮೆರಾ, ಕೆಟ್ಟದ್ದಲ್ಲ, ಆದ್ರೆ ಅದು ಸರಿಹೋಗೋದು ಒಂದು ಥರದ ಜನಕ್ಕೆ ಮಾತ್ರ.

ಮೊದಲು ದೂರದ ಲೆಕ್ಕ

ಅಂಗಡಿಲಿ 83 ಎಕ್ಸ್, 125 ಎಕ್ಸ್ ಅಂತ ದೊಡ್ಡದಾಗಿ ಬರೆದಿರ್ತಾರಲ್ಲ, ಆ ಎಕ್ಸ್ ಅನ್ನೋದು ಆ ಲೆನ್ಸಿನ ಅತಿ ಅಗಲಕ್ಕೂ ಅತಿ ಉದ್ದಕ್ಕೂ ಇರೋ ಅನುಪಾತ ಮಾತ್ರ. ಲೆನ್ಸಿನ ಉದ್ದನ (ಫೋಕಲ್ ಲೆಂಗ್ತ್) ಎಂಎಂನಲ್ಲಿ ಹೇಳ್ತಾರೆ, ನಂಬರ್ ದೊಡ್ಡದಾದಷ್ಟು ದೂರದ್ದು ಹತ್ರ ಕಾಣತ್ತೆ. 24 ಎಂಎಂ ಇಂದ 2000 ಎಂಎಂ ತನಕ ಹೋದ್ರೆ 83 ಎಕ್ಸ್. ಕ್ಯಾನನ್ 55-250 ಲೆನ್ಸ್ ಆ ಲೆಕ್ಕದಲ್ಲಿ ಬರೀ ನಾಲ್ಕೂವರೆ ಎಕ್ಸ್, ಆದ್ರೆ ಕ್ಯಾನನ್‌ನ ಸಣ್ಣ ಸೆನ್ಸರ್ (ಬೆಳಕು ಹಿಡಿಯೋ ಚಿಪ್ಪು, ಈ ಅಳತೇದಕ್ಕೆ ಎಪಿಎಸ್-ಸಿ ಅಂತಾರೆ) ಇರೋ ಬಾಡಿಗೆ, ಅಂದ್ರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾಗೆ, ಹಾಕಿದ್ರೆ ಫುಲ್ ಫ್ರೇಮ್ ಲೆಕ್ಕದಲ್ಲಿ, ಅಂದ್ರೆ ದೊಡ್ಡ ಸೆನ್ಸರಿಗೆ ಹೋಲಿಸಿದ್ರೆ, 400 ಎಂಎಂ ತನಕ ಎಳೆಯತ್ತೆ. ನೋಡಬೇಕಾಗಿರೋದು ಆ ಕೊನೆಯ ಎಂಎಂ, ಎಕ್ಸ್ ಅಲ್ಲ.

ಈಗ ನಮ್ಮ ನಾಲೆ ಪಕ್ಕದ ಸಣ್ಣ ಮಿಂಚುಳ್ಳಿ ತಗೊಳ್ಳಿ, ಕೊಕ್ಕಿಂದ ಬಾಲದ ತುದಿವರೆಗೆ ಸುಮಾರು 17 ಸೆಂಟಿಮೀಟರ್, ನಿಮ್ಮಿಂದ 10 ಮೀಟರ್ ದೂರದ ಒಣಕಡ್ಡಿ ಮೇಲೆ ಕೂತಿದೆ ಅಂದ್ಕೊಳ್ಳಿ. ಮೊಬೈಲಿನ ಮಾಮೂಲಿ ಕ್ಯಾಮೆರಾದಲ್ಲಿ, 12 ಮೆಗಾಪಿಕ್ಸೆಲ್ ಫೋಟೋದಲ್ಲಿ, ಆ ಹಕ್ಕಿ ಬರೋದು ಬರೀ 50 ಪಿಕ್ಸೆಲ್ಲು, ಒಂದು ನೀಲಿ ಚುಕ್ಕೆ. 5 ಎಕ್ಸ್ ಟೆಲಿ ಇರೋ ಮೊಬೈಲಲ್ಲಿ 250 ಪಿಕ್ಸೆಲ್, ಮಿಂಚುಳ್ಳಿ ಅಂತ ಗೊತ್ತಾಗತ್ತೆ, ಸ್ಟೇಟಸ್‌ಗೆ ಹಾಕ್ಕೋಬಹುದು. 24 ಮೆಗಾಪಿಕ್ಸೆಲ್ ಬಾಡಿಲಿ 400 ಎಂಎಂ ಲೆಕ್ಕದ ಲೆನ್ಸ್ ಇದ್ರೆ ಸುಮಾರು 1100 ಪಿಕ್ಸೆಲ್, ಕಣ್ಣಲ್ಲಿ ಬೆಳಕಿನ ಚುಕ್ಕೆ ಕಾಣತ್ತೆ. 640 ಆದ್ರೆ 1800, ಫ್ರೇಮಿನ ಎತ್ತರದಲ್ಲಿ ಹತ್ತಿರ ಹತ್ತಿರ ಅರ್ಧ. 2000 ಎಂಎಂಗೆ ಹೋದ್ರೆ ಹಕ್ಕಿ ಫ್ರೇಮಿಂದ ಆಚೆಗೇ ಹೋಗತ್ತೆ, ಬಾಲ ಕಟ್ಟಾಗತ್ತೆ. 10 ಮೀಟರಿಗೆ 2000 ಎಂಎಂ ಬೇಕಾಗೇ ಇಲ್ಲ ಅಂತಾಯ್ತು.

ಅದೇ ಬಣ್ಣದ ಕೊಕ್ಕರೆ ತಗೊಂಡ್ರೆ ಮೂರಡಿ ಹಕ್ಕಿ, 20 ಮೀಟರ್ ದೂರದಲ್ಲಿದ್ರೂ 400 ಎಂಎಂ ಲೆಕ್ಕದ ಲೆನ್ಸಲ್ಲಿ ಫ್ರೇಮಿನ ಮುಕ್ಕಾಲು ಭಾಗ ತುಂಬ್ಕೊಳ್ಳತ್ತೆ. ಹಂಗಾಗಿ ನಿಮಗೆ ಯಾವ ಹಕ್ಕಿ ಮೇಲೆ ಆಸೆ ಅನ್ನೋದು ಬಜೆಟ್ಟಿಗಿಂತ ಮೊದಲು ತೀರ್ಮಾನ ಆಗಬೇಕು. ಕೊಕ್ಕರೆ, ಹೆಜ್ಜಾರ್ಲೆ, ನವಿಲು, ಮೊಸಳೆ ಅಂದ್ರೆ ಕಮ್ಮಿ ಖರ್ಚು. ಸೂರಕ್ಕಿ, ಮಿಂಚುಳ್ಳಿ, ಕಳ್ಳಿಪೀರ ಅಂದ್ರೆ ಜಾಸ್ತಿ ಖರ್ಚು ಇಲ್ಲಾ ಜಾಸ್ತಿ ತಾಳ್ಮೆ.

ಮೊಬೈಲು

ಮೊಬೈಲ್ ಬಗ್ಗೆ ಕ್ಯಾಮೆರಾ ಇಟ್ಕೊಂಡಿರೋರು ಸ್ವಲ್ಪ ಕೀಳಾಗಿ ಮಾತಾಡ್ತಾರೆ, ಅದು ತಪ್ಪು. ಗದ್ದೆ, ಬೆಟ್ಟ, ಆಕಾಶ, ಕೆರೆ ಇವಕ್ಕೆ ಇವತ್ತಿನ ಮೊಬೈಲು ಸಾಕೋ ಸಾಕು. ಕರಿಘಟ್ಟದ ಮೇಲೆ ನಿಂತು ಸಾಯಂಕಾಲ ಕಾವೇರಿ ಕಡೆ ನೋಡ್ತೀರಲ್ಲ, ಮೇಲೆ ಆಕಾಶ ಬೆಳ್ಳಗೆ, ಕೆಳಗೆ ತೆಂಗಿನ ತೋಟ ಕತ್ತಲು, ಆ ಎರಡನ್ನೂ ಒಂದೇ ಫೋಟೋದಲ್ಲಿ ಹಿಡಿಯೋಕೆ ಮೊಬೈಲು ತಾನೇ ನಾಲ್ಕಾರು ಫ್ರೇಮ್ ತೆಗೆದು ಸೇರಿಸಿ ಕೊಟ್ಬಿಡತ್ತೆ, ಅದನ್ನೇ ಕ್ಯಾಮೆರಾದಲ್ಲಿ ಮಾಡಬೇಕು ಅಂದ್ರೆ ರಾ ಫೈಲ್ (ಕ್ಯಾಮೆರಾ ತಿದ್ದದೇ ಕೊಡೋ ಹಸಿ ಫೋಟೋ) ತೆಗೆದು ಮನೇಲಿ ಕಂಪ್ಯೂಟರ್ ಮುಂದೆ ಕೂರಬೇಕು. ಹುಳ, ಜೇಡ, ಚಿಟ್ಟೆ, ಬದು ಮೇಲಿನ ಕಾಡು ಹೂವು, ಇವಕ್ಕೂ ಮೊಬೈಲು ಚೆನ್ನಾಗಿದೆ, ಮ್ಯಾಕ್ರೋ ಮೋಡ್ ಇದ್ರೆ ಇನ್ನೂ ಚೆನ್ನ.

ಬೆಳ್ಳಕ್ಕಿ ತೆಗೆಯೋವಾಗ ಒಂದು ಸಣ್ಣ ಕೆಲಸ ಮಾಡಿ. ನಾಟಿ ಗದ್ದೇಲಿ ಕಪ್ಪು ಕೆಸರು ಜಾಸ್ತಿ, ಹಕ್ಕಿ ಬಿಳಿ, ಮೊಬೈಲು ಕೆಸರು ನೋಡಿ ಬೆಳಕು ಜಾಸ್ತಿ ಮಾಡತ್ತೆ, ಹಕ್ಕಿ ಮೈಮೇಲಿನ ಗರಿ ಎಲ್ಲಾ ಹೋಗಿ ಬಿಳಿ ಪೇಪರ್ ಕತ್ತರಿಸಿಟ್ಟಂಗೆ ಬರತ್ತೆ. ಸ್ಕ್ರೀನ್ ಮೇಲೆ ಹಕ್ಕಿನ ಮುಟ್ಟಿ, ಪಕ್ಕದಲ್ಲಿ ಸೂರ್ಯನ ಗುರುತು ಬರತ್ತೆ, ಅದನ್ನ ಸ್ವಲ್ಪ ಕೆಳಕ್ಕೆ ಎಳೀರಿ. ಅಷ್ಟೇ, ಗರಿ ವಾಪಸ್ ಬರತ್ತೆ.

ಎಲ್ಲಿ ಕೈ ಕೊಡತ್ತೆ ಅಂದ್ರೆ, 30 ಎಕ್ಸ್, 100 ಎಕ್ಸ್ ಡಿಜಿಟಲ್ ಝೂಮಲ್ಲಿ. ಅಲ್ಲಿ ಲೆನ್ಸಿಂದ ಬಂದಿರೋ ಮಾಹಿತಿ ಕಮ್ಮಿ, ಉಳಿದಿದ್ದನ್ನ ಸಾಫ್ಟ್‌ವೇರ್ ಊಹೆ ಮಾಡಿ ತುಂಬತ್ತೆ. ದೂರದಿಂದ ನೋಡೋಕೆ ಗರಿ ಗರಿಯಾಗೇ ಕಾಣತ್ತೆ, ಆದ್ರೆ ಅದು ಆ ಹಕ್ಕಿ ಗರಿನೇ ಅಂತ ಗ್ಯಾರಂಟಿ ಇಲ್ಲ. ಸುಮ್ನೆ ನೋಡಿ ಖುಷಿ ಪಡೋಕೆ ಪರವಾಗಿಲ್ಲ, ಎರಡು ಒಂದೇ ಥರದ ಉಲಿಯಕ್ಕಿ ಮಧ್ಯೆ ಇದು ಯಾವುದು ಅಂತ ಗುರುತು ಹಿಡಿಯೋಕೆ ಆ ಫೋಟೋ ನಂಬ್ಕೋಬೇಡಿ.

ಬೈನಾಕ್ಯುಲರ್ ಇದ್ರೆ ಅದರ ಕಣ್ಣಿನ ತುದಿಗೆ ಮೊಬೈಲ್ ಲೆನ್ಸ್ ಒತ್ತಿ ಹಿಡಿದ್ರೂ ಫೋಟೋ ಬರತ್ತೆ. ಕೈ ನಡುಗತ್ತೆ, ಸುತ್ತ ಕಪ್ಪು ವೃತ್ತ ಬರತ್ತೆ, ಆದ್ರೂ ಡಿಜಿಟಲ್ ಝೂಮಿಗಿಂತ ಪ್ರಾಮಾಣಿಕ ಚಿತ್ರ. ಹಂಗೆ ನೋಡಿದ್ರೆ ಹಕ್ಕಿ ಮೇಲೆ ಹೊಸದಾಗಿ ಆಸೆ ಹುಟ್ಟಿರೋರು ಕ್ಯಾಮೆರಾಗಿಂತ ಮುಂಚೆ ಒಂದು 8x42 (ಎಂಟು ಪಟ್ಟು ಹತ್ರ ತೋರಿಸೋ, 42 ಎಂಎಂ ಗಾಜಿನ) ಬೈನಾಕ್ಯುಲರ್ ತಗೊಂಡ್ರೆ ದುಡ್ಡೂ ಉಳಿಯತ್ತೆ, ಹಕ್ಕಿನೂ ಕಾಣತ್ತೆ. ಯಾರೂ ಕೇಳಲ್ಲ ಬಿಡಿ ಈ ಮಾತು.

ಸೂಪರ್‌ಝೂಮ್

ನಿಕಾನ್ ಪಿ900 ಬಂದಿದ್ದು 2015ರಲ್ಲಿ, ಆಮೇಲೆ 2018ರಲ್ಲಿ ಪಿ1000, 2020ರಲ್ಲಿ ಪಿ950, 2025ರಲ್ಲಿ ಪಿ1100. ಕ್ಯಾನನ್‌ದು ಎಸ್‌ಎಕ್ಸ್70, ಅದು 1365 ಎಂಎಂ ತನಕ ಹೋಗತ್ತೆ. ಪಿ950 ಅಂದ್ರೆ 2000 ಎಂಎಂ, ಪಿ1000 ಅಂದ್ರೆ 3000. ರಂಗನತಿಟ್ಟಿನ ದಡದಲ್ಲಿ ನಿಂತು ಆಚೆ ಬಂಡೆ ಮೇಲೆ ಬಾಯಿ ತೆರ್ಕೊಂಡು ಮಲಗಿರೋ ಮೊಸಳೆ ಹಲ್ಲು ಎಣಿಸಬಹುದು. ಹುಣ್ಣಿಮೆ ಚಂದ್ರನ ಗುಳಿ ತೋರಿಸಿದ್ರೆ ಮನೆಮಂದಿ ಎಲ್ಲಾ ಖುಷಿ. ಒಂದೇ ಕ್ಯಾಮೆರಾದಲ್ಲಿ ಅಗಲನೂ ಇದೆ, ಉದ್ದನೂ ಇದೆ, ಲೆನ್ಸ್ ಬದಲಾಯಿಸೋ ತಲೆನೋವಿಲ್ಲ, ಸೆನ್ಸರ್ ಮೇಲೆ ಧೂಳು ಕೂರೋ ಭಯ ಇಲ್ಲ.

ಕೊರತೆ ಎಲ್ಲಿದೆ ಅಂದ್ರೆ ಸೆನ್ಸರಲ್ಲಿ. ಇವುಗಳ ಸೆನ್ಸರ್ ಸುಮಾರು 28 ಚದರ ಮಿಲಿಮೀಟರ್. ಕ್ಯಾನನ್‌ನ ಎಪಿಎಸ್-ಸಿ ಸೆನ್ಸರ್ 330. ಹನ್ನೆರಡು ಪಟ್ಟು ವ್ಯತ್ಯಾಸ. ಮಧ್ಯಾಹ್ನದ ಬಿಸಿಲಲ್ಲಿ ಇದು ಗೊತ್ತೇ ಆಗಲ್ಲ, ಜನವರೀಲಿ ಸೂರ್ಯ ಹುಟ್ಟೋದೇ ಆರೂಮುಕ್ಕಾಲಿಗೆ, ಏಳು ಗಂಟೆಗೆ ಕುಕ್ಕರಹಳ್ಳಿ ಕೆರೆ ಮೇಲೆ ಇನ್ನೂ ಮಂಜು, ಆ ಹೊತ್ತಲ್ಲಿ 2000 ಎಂಎಂಗೆ ಎಳೆದ್ರೆ ಅಪರ್ಚರ್ (ಬೆಳಕು ಒಳಗೆ ಬಿಡೋ ಕಿಂಡಿ, ಎಫ್ ನಂಬರ್ ದೊಡ್ಡದಾದಷ್ಟು ಬೆಳಕು ಕಮ್ಮಿ) ಎಫ್ 6.5 ಆಗಿರತ್ತೆ, ಐಎಸ್ಒ (ಕಮ್ಮಿ ಬೆಳಕನ್ನ ಕ್ಯಾಮೆರಾ ಹಿಗ್ಗಿಸೋ ಮಟ್ಟ) 1600ಕ್ಕೆ ಏರತ್ತೆ, ಹಕ್ಕಿ ಮೈ ಮೇಲೆ ಗರಿ ಬದಲು ಜಲವರ್ಣ ಬಳಿದಂಗೆ ಆಗಿರತ್ತೆ. ದುರಂತ ಏನಂದ್ರೆ ಹಕ್ಕಿ ಚಟುವಟಿಕೆ ಜಾಸ್ತಿ ಇರೋದೇ ಆ ಹೊತ್ತಲ್ಲಿ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಮಾರ್ಚ್ ಏಪ್ರಿಲ್ಲಲ್ಲಿ ಹತ್ತು ಗಂಟೆ ಆದ್ಮೇಲೆ ಒಣಗಿದ ಬಯಲು, ಟಾರ್ ರಸ್ತೆ, ಕೆರೆ ಅಂಗಳದ ಬಿಸಿ ಗಾಳಿ ಅಲೆಅಲೆಯಾಗಿ ಏಳತ್ತೆ. ನೂರು ಮೀಟರ್ ಆಚೆ ಇರೋ ಹಕ್ಕಿನ 2000 ಎಂಎಂನಲ್ಲಿ ತೆಗೆದ್ರೆ ಆ ಅಲೆನೂ ಅಷ್ಟೇ ದೊಡ್ಡದಾಗಿ ಬರತ್ತೆ. ಲಕ್ಷಾಂತರ ರೂಪಾಯಿ ಲೆನ್ಸ್ ಹಾಕಿದ್ರೂ ಇದೇ ಗತಿ, ದೂರ ಕಮ್ಮಿ ಮಾಡ್ಕೊಳ್ಳೋದು ಇಲ್ಲಾ ಬೆಳಿಗ್ಗೆ ಬೇಗ ಹೋಗೋದು, ಬೇರೆ ದಾರಿ ಇಲ್ಲ. ಅದಕ್ಕೇ 3000 ಎಂಎಂ ಅನ್ನೋ ನಂಬರ್ರಿಗೆ ನಾನು ಅಷ್ಟು ಬೆಲೆ ಕೊಡಲ್ಲ, ಪಿ1000 ತೂಕನೂ 1.4 ಕೇಜಿ, ಪಿ950 ಒಂದು ಕೇಜಿ, ಎರಡರ ಮಧ್ಯೆ ಅಂದ್ರೆ ಕಣ್ಣು ಮುಚ್ಚಿ ಪಿ950.

ಹಾರೋ ಹಕ್ಕಿಗೆ ಇವು ನಿಧಾನ, ಫೋಕಸ್ ಹಿಂದೆ ಮುಂದೆ ಓಡೋಷ್ಟರಲ್ಲಿ ಹಕ್ಕಿ ಕೆರೆ ದಾಟಿರತ್ತೆ. ಝೂಮ್ ಮಾಡಿದ್ಮೇಲೆ ಹಕ್ಕಿ ಎಲ್ಲಿದೆ ಅಂತಾನೇ ಸಿಗಲ್ಲ ಅನ್ನೋದು ಎಲ್ಲರ ದೂರು, ಅದಕ್ಕೆ ನಿಕಾನ್‌ನವರು ಲೆನ್ಸ್ ಪಕ್ಕದಲ್ಲಿ ಒಂದು ಬಟನ್ ಕೊಟ್ಟಿದ್ದಾರೆ, ಒತ್ತಿ ಹಿಡಿದ್ರೆ ಝೂಮ್ ಸ್ವಲ್ಪ ಹಿಂದಕ್ಕೆ ಬರತ್ತೆ, ಹಕ್ಕಿ ಹುಡುಕಿ ಮಧ್ಯಕ್ಕೆ ತಂದು ಬಿಟ್ರೆ ಮತ್ತೆ ಮುಂದಕ್ಕೆ ಹೋಗತ್ತೆ. ಪಿ950 ಇಟ್ಕೊಂಡು ಈ ಬಟನ್ ಮುಟ್ಟದೇ ಇರೋರು ಬೇಕಾದಷ್ಟು ಜನ ಇದ್ದಾರೆ!

ಹಂಗಾದ್ರೆ ಯಾರಿಗೆ? ಸೆಟ್ಟಿಂಗ್ಸ್ ಕಲಿಯೋ ಆಸಕ್ತಿ ಇಲ್ಲ, ನೋಡಿದ ಹಕ್ಕಿಗೆಲ್ಲಾ ಒಂದು ದಾಖಲೆ ಬೇಕು, ವಿಡಿಯೋ ಬೇಕು, ಬಿಸಿಲು ಬಂದ್ಮೇಲೇ ಮನೆ ಬಿಡೋದು ಅನ್ನೋರಿಗೆ. ರಿಟೈರ್ ಆಗಿ ಹಕ್ಕಿ ನೋಡೋಕೆ ಶುರು ಮಾಡಿರೋ ನಮ್ಮ ಹಿರಿಯರು ಎಷ್ಟೋ ಜನ ಇದರಲ್ಲೇ ಚೆಂದದ ಪಟ್ಟಿ ಮಾಡ್ಕೊಂಡಿದ್ದಾರೆ, ಅವರಿಗೆ ಬೇರೆ ತಗೊಳ್ಳಿ ಅಂತ ಹೇಳೋಕೆ ನನಗಂತೂ ಕಾರಣ ಕಾಣಲ್ಲ.

ಈ ಗುಂಪಲ್ಲೇ ಸೋನಿ ಆರ್‌ಎಕ್ಸ್10 ನಾಲ್ಕನೇ ಮಾಡೆಲ್ಲು ಬೇರೆ ಜಾತಿ, 2017ರದ್ದು, ಒಂದಿಂಚಿನ ಸೆನ್ಸರ್, 600 ಎಂಎಂಗೂ ಅಪರ್ಚರ್ ಎಫ್ 4 ಇರತ್ತೆ. ಒಳ್ಳೇ ಕಂಡೀಶನ್ನಲ್ಲಿ ಯಾರಾದ್ರೂ ಕೊಟ್ರೆ ಬಿಡಬೇಡಿ. ಬೆಲೆ ಮಾತ್ರ ಲೆನ್ಸ್ ಹಾಕೋ ಕ್ಯಾಮೆರಾ ಮಟ್ಟಕ್ಕೇ ಹೋಗತ್ತೆ.

ಲೆನ್ಸ್ ಹಾಕೋ ಕ್ಯಾಮೆರಾ: ಹಗುರದ್ದಾ, ಭಾರದ್ದಾ

ಇಲ್ಲಿ ಡಿಎಸ್ಎಲ್ಆರ್ರಾ (ಒಳಗೆ ಕನ್ನಡಿ ಇರೋ ಹಳೇ ಥರದ್ದು) ಮಿರರ್‌ಲೆಸ್ಸಾ (ಕನ್ನಡಿ ಇಲ್ಲದ ಹೊಸ ಥರದ್ದು) ಅಂತ ಜಗಳ ಆಡ್ತಾರೆ. ನಡೆಯೋರ ಮಟ್ಟಿಗೆ ನಿಜವಾದ ಜಗಳ ತೂಕದ್ದು.

ಹಗುರದ ಗುಂಪಲ್ಲಿ ನನ್ನ ಮೊದಲ ಆಯ್ಕೆ ಕ್ಯಾನನ್ ಆರ್10 ಬಾಡಿ, ಅದಕ್ಕೆ ಆರ್‌ಎಫ್ 100-400 ಲೆನ್ಸು. ಬಾಡಿ 429 ಗ್ರಾಂ, ಲೆನ್ಸ್ 635 ಗ್ರಾಂ, ಸೇರಿಸಿದ್ರೆ 1064. ಪಿ950 ತೂಕ 1005 ಗ್ರಾಂ ಅಲ್ವಾ, ಅಂದ್ರೆ ಹೆಚ್ಚು ಕಮ್ಮಿ ಅದೇ ಭಾರದಲ್ಲಿ ಹನ್ನೆರಡು ಪಟ್ಟು ದೊಡ್ಡ ಸೆನ್ಸರ್ ಸಿಕ್ತು, 640 ಎಂಎಂ ಲೆಕ್ಕದ ಉದ್ದ ಸಿಕ್ತು, ಹಕ್ಕಿ ಕಣ್ಣು ಹುಡುಕಿ ಅಂಟ್ಕೊಳ್ಳೋ ಫೋಕಸ್ ಸಿಕ್ತು. ದುಡ್ಡು ಜಾಸ್ತಿ, ಒಪ್ಕೋತೀನಿ. 400ರಲ್ಲಿ ಅಪರ್ಚರ್ ಎಫ್ 8, ಅದೂ ಕಮ್ಮಿನೇ, ಮೋಡ ಕವಿದ ಜುಲೈ ಬೆಳಿಗ್ಗೆ ಒದ್ದಾಡಬೇಕಾಗತ್ತೆ. ಆದ್ರೂ ನಡೆಯೋರಿಗೆ ಇದಕ್ಕಿಂತ ಒಳ್ಳೇ ಜೋಡಿ ನನಗೆ ಕಂಡಿಲ್ಲ. ಸೋನಿ ಎ6400 ಜೊತೆ 70-350 ಲೆನ್ಸೂ ಇದೇ ಸಾಲಿಗೆ ಸೇರತ್ತೆ, ಲೆನ್ಸ್ 625 ಗ್ರಾಂ, 525 ಎಂಎಂ ಲೆಕ್ಕ, ಸೋನಿ ಮನೇಲಿದ್ರೆ ಅದನ್ನೇ ಮುಂದುವರಿಸಿ.

ದುಡ್ಡು ಕಮ್ಮಿ ಇದ್ರೆ ಹಳೇ ಡಿಎಸ್ಎಲ್ಆರ್. ನಿಕಾನ್ ಡಿ5600 ಜೊತೆ ಎಎಫ್-ಪಿ 70-300 ವಿಆರ್, ಎರಡೂ ಸೇರಿ 880 ಗ್ರಾಂ, 450 ಎಂಎಂ ಲೆಕ್ಕ. ಇಲ್ಲಾ ಕ್ಯಾನನ್‌ನ ಯಾವುದಾದ್ರೂ ಸಣ್ಣ ಬಾಡಿ ಜೊತೆ 55-250 ಎಸ್‌ಟಿಎಂ, ಆ ಲೆನ್ಸ್ ಬರೀ 375 ಗ್ರಾಂ, ಸೆಕೆಂಡ್ ಹ್ಯಾಂಡಲ್ಲಿ ಅಗ್ಗಕ್ಕೆ ಸಿಗತ್ತೆ, ಅದರ ಶಾರ್ಪ್‌ನೆಸ್ ನೋಡಿದ್ರೆ ಈ ಬೆಲೆಗೆ ಹೆಂಗೆ ಕೊಡ್ತಾರೋ ಅನ್ಸತ್ತೆ. ನಿಕಾನ್ ಎಎಫ್-ಪಿ ತಗೊಳ್ಳೋರು ಒಂದು ಗಮನದಲ್ಲಿಡಿ, ಡಿ90, ಡಿ7000 ಥರದ ಹಳೇ ಬಾಡಿಗಳಲ್ಲಿ ಆ ಲೆನ್ಸಿಗೆ ಆಟೋಫೋಕಸ್ಸೇ ಬರಲ್ಲ. "ಫಿಟ್ ಆಗತ್ತೆ ಸರ್" ಅಂತಾರೆ ಅಂಗಡಿಯವರು. ಫಿಟ್ ಆಗತ್ತೆ ನಿಜ, ಕೆಲಸ ಮಾಡಲ್ಲ.

ಭಾರದ ಗುಂಪು ಅಂದ್ರೆ ನಿಕಾನ್ 200-500, ಸಿಗ್ಮಾ ಟ್ಯಾಮ್ರಾನ್ 150-600, ಸೋನಿ 200-600. ಎಲ್ಲಾ ಎರಡು ಕೇಜಿ ಆಸುಪಾಸು ಇಲ್ಲಾ ಮೇಲೆ. ನಿಕಾನ್ 200-500 ಒಂದೇ 2.3 ಕೇಜಿ, ಡಿ500 ಬಾಡಿ ಸೇರಿದ್ರೆ 3 ಕೇಜಿ ದಾಟತ್ತೆ. ಚಿತ್ರ ಬರೋದು ಅದ್ಭುತವಾಗಿ, ಅದರಲ್ಲಿ ಎರಡು ಮಾತಿಲ್ಲ, ಆ ಎಫ್ 5.6 ಅಪರ್ಚರಲ್ಲಿ ಮುಂಜಾನೆ ಮಂಜಲ್ಲೂ ಕೆಲಸ ಆಗತ್ತೆ. ಆದ್ರೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಅದನ್ನ ಕುತ್ತಿಗೆಗೆ ಹಾಕ್ಕೊಂಡು ಹತ್ತಿ ನೋಡಿ, ನಂದಿ ಹತ್ರ ಬರೋಷ್ಟರಲ್ಲಿ ಕ್ಯಾಮೆರಾ ಬ್ಯಾಗೊಳಗೆ ಹೋಗಿರತ್ತೆ. ಬ್ಯಾಗಲ್ಲಿರೋ ಕ್ಯಾಮೆರಾಗೆ ಹಕ್ಕಿ ಸಿಗಲ್ಲ. ನಡಿಗೇಲಿ ಹಕ್ಕಿ ಎದ್ದು ಹೋಗೋಕೆ ಮುಂಚೆ ಸಿಗೋದು ಎರಡು ಮೂರು ಸೆಕೆಂಡು, ಆ ಹೊತ್ತಲ್ಲಿ ಕೈಲಿ ಇರೋದೇ ಒಳ್ಳೇ ಕ್ಯಾಮೆರಾ.

ಕ್ಯಾನನ್ 600 ಮತ್ತು 800 ಎಫ್ 11 ಲೆನ್ಸ್ ಹಗುರ ಹೌದು, ಬೆಳಕು ತೀರಾ ಕಮ್ಮಿ. ನಮ್ಮ ಕಡೆ ಬೆಳಿಗ್ಗೆಗೆ ಬೇಡ.

ಇವುಗಳಲ್ಲಿ ಹೊರಗಡೆ ಲೆನ್ಸ್ ಬದಲಾಯಿಸೋಕೆ ಹೋಗ್ಲೇಬೇಡಿ. ಕಬ್ಬಿನ ಟ್ರಾಕ್ಟರ್ ಓಡಾಡೋ ಮಣ್ಣು ರಸ್ತೇಲಿ ಬಾಡಿ ತೆರೆದ್ರೆ ಸೆನ್ಸರ್ ಮೇಲೆ ಧೂಳು ಗ್ಯಾರಂಟಿ. ಟೆಲಿ ಯಾವಾಗಲೂ ಬಾಡಿ ಮೇಲೇ ಇರ್ಲಿ, ಅಗಲದ ಚಿತ್ರ ಬೇಕು ಅಂದ್ರೆ ಮೊಬೈಲ್ ತೆಗೀರಿ. ಮೊದಲಿಗೆ ಹೇಳಿದ ಮೊಬೈಲು-ಟೆಲಿ ಜೋಡಿ ಇದೇ ಲೆಕ್ಕದ್ದು, 18-55 ಕಿಟ್ ಲೆನ್ಸ್ ಮನೇಲೇ ಬಿಟ್ಟು ಹೋಗಿ.

ಒಂದೇ ಹಕ್ಕಿ, ಮೂರೂ ಕೈಲಿ

ವ್ಯತ್ಯಾಸ ಕಣ್ಣಾರೆ ನೋಡಬೇಕು ಅಂದ್ರೆ ಮಳೆಗಾಲದಲ್ಲಿ ಗೀಜಗ ಗೂಡು ಕಟ್ಟೋ ಈಚಲು ಮರ ಇಲ್ಲಾ ಬಾವಿ ಮೇಲೆ ಬಾಗಿರೋ ಜಾಲಿ ಮರ ಹುಡುಕ್ಕೊಳ್ಳಿ, ಮಂಡ್ಯ ಕಡೆ ಕಬ್ಬಿನ ಗದ್ದೆ ಪಕ್ಕ ಇದ್ದೇ ಇರತ್ತೆ. ಹಳದಿ ತಲೆಯ ಗಂಡು ಕಬ್ಬಿನ ಸೋಗೆ ಮೇಲೆ ಕೂತು, ಬುಡದ ಹತ್ರ ಅಂಚಿಗೆ ಕೊಕ್ಕಲ್ಲಿ ಒಂದು ಕಚ್ಚು ಹಾಕತ್ತೆ, ಆ ತುದಿ ಕಚ್ಕೊಂಡು ಹಂಗೇ ಹಾರತ್ತೆ, ಹಾರೋ ರಭಸಕ್ಕೆ ಉದ್ದಕ್ಕೆ ನಾರು ಸೀಳ್ಕೊಂಡು ಬರತ್ತೆ. ಇಡೀ ಕೆಲಸ ಕಣ್ಣು ಮಿಟುಕಿಸೋಷ್ಟರಲ್ಲಿ.

ಮೊಬೈಲಲ್ಲಿ ತೆಗೆದ್ರೆ ಮರ, ಮರದ ತುಂಬಾ ನೇತಾಡೋ ಗೂಡು, ಹಿಂದೆ ಕಬ್ಬು, ಮೇಲೆ ಮೋಡ, ಇಡೀ ಜಾಗದ ಕಥೆ ಬರತ್ತೆ, ಹಕ್ಕಿ ಹಳದಿ ಚುಕ್ಕೆ. ಪಿ950ಲಿ ಗೂಡಿಗೆ ಜೋತುಬಿದ್ದು ನೇಯ್ತಿರೋ ಹಕ್ಕಿ ಕೊಕ್ಕಲ್ಲಿರೋ ನಾರಿನ ಸಮೇತ ದೊಡ್ಡದಾಗಿ ಬರತ್ತೆ, ವಿಡಿಯೋ ಅಂತೂ ಬಹಳ ಚೆನ್ನಾಗಿ ಬರತ್ತೆ. ಆದ್ರೆ ಆ ನಾರು ಸೀಳೋ ಗಳಿಗೆ, ಅದು ಬೇಕು ಅಂದ್ರೆ ಶಟರ್ ಸ್ಪೀಡ್ 1/2000 ಸೆಕೆಂಡ್ ಇಟ್ಟು, ಸೆಕೆಂಡಿಗೆ 15 ಫ್ರೇಮ್ ಹೊಡೆಯೋ ಆರ್10 ಥರದ್ದೇ ಬೇಕು, ಅದರಲ್ಲೂ ಒಂದು ರಾಶಿ ತೆಗೆದ್ರೆ ಒಂದೋ ಎರಡೋ ಸರಿ ಬರತ್ತೆ. ಮೂರೂ ಒಳ್ಳೇ ಚಿತ್ರಗಳೇ. ನಿಮಗೆ ಯಾವುದು ಬೇಕೋ ಅದರ ಮೇಲೆ ದುಡ್ಡು ಹಾಕಿ.

ಯಾವ ಜಾಗಕ್ಕೆ ಯಾವುದು

ಕೊಕ್ಕರೆ ಬೆಳ್ಳೂರಿಗೆ, ಮದ್ದೂರು ತಾಲೂಕು, ದೊಡ್ಡ ಲೆನ್ಸ್ ತಗೊಂಡು ಹೋಗಿ ಪೇಚಾಡೋರನ್ನ ನೋಡಬೇಕು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಊರೊಳಗಿನ ಹುಣಸೆ ಮರ, ಆಲದ ಮರದ ಮೇಲೇ ಗೂಡು ಕಟ್ಟೋದು, ಮನೆ ಹಿತ್ತಲಲ್ಲಿ, ದನದ ಕೊಟ್ಟಿಗೆ ಮೇಲೆ. 600 ಎಂಎಂ ಹಾಕಿದ್ರೆ ಕೊಕ್ಕು ಮಾತ್ರ ಬರತ್ತೆ. 55-250 ಇಲ್ಲಿ ರಾಜ. ಜನವರಿಯಿಂದ ಮೇ ತನಕ ಒಳ್ಳೇ ಕಾಲ. ಮೇಲಕ್ಕೆ ಮುಖ ಮಾಡಿ ತೆಗೆಯೋದ್ರಿಂದ ಹಿಂದೆ ಬೆಳ್ಳನೆ ಆಕಾಶ, ಹಕ್ಕಿ ಕಪ್ಪಾಗತ್ತೆ, ಎಕ್ಸ್‌ಪೋಷರ್ ಒಂದು ಸ್ಟಾಪ್ (ಅಂದ್ರೆ ಬೆಳಕು ಎರಡು ಪಟ್ಟು) ಮೇಲಕ್ಕೆ ಇಟ್ಕೊಳ್ಳಿ. ತಲೆ ಮೇಲೆ ಟೋಪಿ ಇರ್ಲಿ, ಯಾಕೆ ಅಂತ ಮರದ ಕೆಳಗೆ ನಿಂತ ತಕ್ಷಣ ಗೊತ್ತಾಗತ್ತೆ. ಆ ಹಿಕ್ಕೆನೇ ಊರಿನೋರು ಗದ್ದೆಗೆ ಗೊಬ್ಬರವಾಗಿ ಹಾಕ್ತಾರೆ. 2007ರಲ್ಲಿ ಸಮುದಾಯ ಮೀಸಲು ಅಂತ ಘೋಷಣೆ ಆಗಿದೆ, ಆದ್ರೆ ಅದಕ್ಕೂ ಎಷ್ಟೋ ಹಿಂದಿನಿಂದ ಹಕ್ಕಿಗಳನ್ನ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾನೇ ಅಲ್ಲಿನವರು ನೋಡ್ಕೊಂಡು ಬಂದಿರೋದು. ಬೇರೆಯವರ ಹಿತ್ತಲಿಗೆ ಲೆನ್ಸ್ ತಿರುಗಿಸೋಕೆ ಮುಂಚೆ "ಅಮ್ಮಾ, ಒಂದು ಫೋಟೋ ತಗೊಳ್ಳಾ" ಅಂತ ಕೇಳಿ. "ಅಲ್ಲಿಂದ ಏನ್ ಕಾಣ್ತದೆ, ಒಳಿಕ್ಕೆ ಬಾಪ್ಪ" ಅಂತ ಕರೀತಾರೆ, ಮೆಟ್ಟಿಲು ತೋರಿಸ್ತಾರೆ, ತಾರಸಿ ಮೇಲಿಂದ ಗೂಡು ಕಣ್ಣಿನ ಮಟ್ಟಕ್ಕೆ ಸಿಗತ್ತೆ. ಯಾವ ಲೆನ್ಸೂ ಕೊಡದೇ ಇರೋ ಕೋನ ಅದು.

ರಂಗನತಿಟ್ಟು, ಪಕ್ಷಿತಜ್ಞ ಸಲೀಂ ಅಲಿಯವರ ಮಾತು ಕೇಳಿ ಮೈಸೂರು ಸಂಸ್ಥಾನ 1940ರಲ್ಲಿ ಧಾಮ ಮಾಡಿದ್ದು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರ್ತು. ಇಲ್ಲಿ ದೋಣಿನೇ ಹಕ್ಕಿ ಹತ್ರ ಕರ್ಕೊಂಡು ಹೋಗತ್ತೆ, 300-400 ಎಂಎಂ ಧಾರಾಳ. ದೋಣಿ ಅಲ್ಲಾಡತ್ತೆ, ಹಂಗಾಗಿ ಟ್ರೈಪಾಡ್ ಕೆಲಸಕ್ಕೆ ಬರಲ್ಲ, ಶಟರ್ 1/1000ಕ್ಕಿಂತ ಕೆಳಗೆ ಇಳೀಬೇಡಿ. ಸೂಪರ್‌ಝೂಮಲ್ಲಿ ಪೂರ್ತಿ ಎಳೆದು ದೋಣೀಲಿ ಕೂತ್ರೆ ಫ್ರೇಮಲ್ಲಿ ಹಕ್ಕಿ ನಿಲ್ಲೋದೇ ಇಲ್ಲ. ಕೆಆರ್‌ಎಸ್‌ನಿಂದ ನೀರು ಜಾಸ್ತಿ ಬಿಟ್ಟಾಗ ದೋಣಿ ನಿಲ್ಲಿಸ್ತಾರೆ, ಜುಲೈ ಆಗಸ್ಟಲ್ಲಿ ಹೋಗೋರು ಮೊದಲು ವಿಚಾರಿಸಿ.

ಉದ್ದ ನಿಜವಾಗ್ಲೂ ಬೇಕಾಗೋದು ನಂಜನಗೂಡು ತಾಲೂಕಿನ ಹದಿನಾರು ಕೆರೇಲಿ. ಚಳಿಗಾಲಕ್ಕೆ ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತು ನೀರಿನ ಮಧ್ಯೆ ಗುಂಪಾಗಿ ಕೂರತ್ತೆ, ದಡದಿಂದ ನೂರು ಮೀಟರ್ ಆಚೆ. ಇಲ್ಲಿ ಪಿ950 ಇಟ್ಕೊಂಡಿರೋರು ನಗ್ತಾರೆ, 250 ಎಂಎಂ ಇಟ್ಕೊಂಡಿರೋರು ಸುಮ್ನೆ ಕೂತು ನೋಡ್ತಾರೆ. ಹತ್ರ ಹೋಗಿ ಎಬ್ಬಿಸಬೇಡಿ ದಯವಿಟ್ಟು. ಅಷ್ಟು ದೂರದಿಂದ ಬಂದಿರೋ ಹಕ್ಕಿನ ಒಂದು ಹಾರೋ ಫೋಟೋಗೋಸ್ಕರ ಓಡಿಸೋದು ಯಾವ ಸೀಮೆ ಹವ್ಯಾಸ.

ಕುಕ್ಕರಹಳ್ಳಿ, ಲಿಂಗಾಂಬುಧಿ, ಕಾರಂಜಿ ಈ ಮೂರು ಊರೊಳಗಿನ ಕೆರೆಗಳಿಗೆ ಹಗುರದ ಟೆಲಿನೇ ಸರಿ, ಜನ ಓಡಾಡೋದು ಹಕ್ಕಿಗಳಿಗೆ ಅಭ್ಯಾಸ ಆಗಿರೋದ್ರಿಂದ ಹತ್ರಕ್ಕೇ ಬಿಟ್ಕೊಳ್ಳತ್ತೆ. ಹಳ್ಳಿ ರಸ್ತೆ ಕರೆಂಟ್ ವೈರ್ ಮೇಲೆ ಕೂರೋ ನಮ್ಮ ರಾಜ್ಯಪಕ್ಷಿ ನೀಲಕಂಠ ಇದಕ್ಕೆ ಉಲ್ಟಾ, ಕಾರೊಳಗಿಂದ ತೆಗೆದ್ರೆ ಕೂತಿರತ್ತೆ, ಬಾಗಿಲು ತೆಗೆದ್ರೆ ಹಾರತ್ತೆ. ಗಾಜು ಇಳಿಸಿ, ಇಂಜಿನ್ ಆಫ್ ಮಾಡಿ, ಕಿಟಕಿ ಮೇಲೆ ಒಂದು ಟವಲ್ ಮಡಚಿ ಲೆನ್ಸ್ ಇಡಿ.

ಬೆಟ್ಟಗುಡ್ಡದ ನೋಟಕ್ಕೆ ಮೊಬೈಲ್ ಸಾಕು ಅಂದೆ, ಆದ್ರೆ ಒಂದು ಕಡೆ ಟೆಲಿ ಗೆಲ್ಲತ್ತೆ. ಚಳಿಗಾಲದ ಬೆಳಿಗ್ಗೆ ಮಂಡ್ಯ ಕಡೆ ಬಯಲಲ್ಲಿ ಮಂಜಿನ ಪದರ, ಆಲೆಮನೆ ಹೊಗೆ ಮೇಲಕ್ಕೇಳದೆ ತೆಂಗಿನ ಗರಿ ಮಟ್ಟದಲ್ಲೇ ಅಡ್ಡಡ್ಡ ಹರಡ್ಕೊಂಡಿರತ್ತೆ, ಇದನ್ನ ಅಗಲಕ್ಕೆ ತೆಗೆದ್ರೆ ಎಲ್ಲಾ ಬೂದು ಬೂದು, 100-200 ಎಂಎಂನಲ್ಲಿ ಒಂದು ತುಣುಕು ಕತ್ತರಿಸಿದ್ರೆ ಪದರ ಪದರವಾಗಿ ಬಿಡಿಸ್ಕೊಳ್ಳತ್ತೆ. ಚಾಮುಂಡಿ ಬೆಟ್ಟನೂ ಅಷ್ಟೇ, ಅಗಲದ ಲೆನ್ಸಲ್ಲಿ ಸಣ್ಣ ದಿಣ್ಣೆ, ಏಳೆಂಟು ಕಿಲೋಮೀಟರ್ ಹಿಂದೆ ಹೋಗಿ ಟೆಲಿ ಹಾಕಿದ್ರೆ ಗದ್ದೆ ಹಿಂದೆನೇ ಎದ್ದು ನಿಂತಂಗೆ ಬರತ್ತೆ. ಮೊಬೈಲಿನ 3 ಎಕ್ಸ್, 5 ಎಕ್ಸ್ ಲೆನ್ಸಲ್ಲೂ ಇದನ್ನ ಪ್ರಯತ್ನ ಮಾಡಬಹುದು. ಗಗನಚುಕ್ಕಿ ಜಲಪಾತಕ್ಕೆ ಮಳೆಗಾಲದಲ್ಲಿ ಹೋದ್ರೆ ಲೆನ್ಸ್ ಒರೆಸೋ ಬಟ್ಟೆ ಎರಡು ಮೂರು ಇರ್ಲಿ, ಅಷ್ಟೇ.

ಮೇಲುಕೋಟೆಲಿ ಊರು, ಬೆಟ್ಟ, ಕಲ್ಯಾಣಿ ಸುತ್ತೋದು ಬೇರೆ, 1974ರಲ್ಲಿ ತೋಳಕ್ಕೋಸ್ಕರ ಮಾಡಿದ ವನ್ಯಧಾಮದ ಕಾಡೊಳಗೆ ಹೋಗೋದು ಬೇರೆ, ಅದಕ್ಕೆ ಅರಣ್ಯ ಇಲಾಖೆ ಅನುಮತಿ ಬೇಕು. ಕೋತಿಗಳು ಕ್ಯಾಮೆರಾ ಸ್ಟ್ರಾಪ್ ಎಳೀತಾವೆ, ಕೈಗೆ ಸುತ್ತಿಕೊಂಡಿರಿ. ವನ್ಯಧಾಮಗಳ ಹತ್ರ ಡ್ರೋನ್ ಯೋಚನೆನೇ ಬೇಡ.

ಕಬ್ಬಿನ ಗದ್ದೆ ಪಕ್ಕ ಬೆಳಗಿನ ಜಾವ ಒಬ್ಬೊಬ್ರೇ ಹೋಗೋರಿಗೆ ಒಂದು ಮಾತು. 2022-23ರಲ್ಲಿ ಟಿ.ನರಸೀಪುರ ಕಡೆ ಚಿರತೆ ದಾಳೀಲಿ ಜನ ಸತ್ತಿದ್ದು ಎಲ್ಲರಿಗೂ ನೆನಪಿರಬೇಕು. ಬೆಳಕು ಹರಿದ ಮೇಲೆ ಹೋಗಿ, ಜೊತೆಗೊಬ್ರು ಇರ್ಲಿ, ಊರಿನೋರು "ಆ ಕಡೆ ಬ್ಯಾಡ ಸಾ" ಅಂದ್ರೆ ಕೇಳಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ವ್ಯೂಫೈಂಡರಿಗೆ ಕಣ್ಣಿಟ್ಕೊಂಡು ಹಿಂದಕ್ಕೆ ಹೆಜ್ಜೆ ಹಾಕಬೇಡಿ, ನೀರಿನ ಸೆಳೆತ ಜಾಸ್ತಿ, ಒಳಗೋಡೆ ಪಾಚಿ ಕಟ್ಟಿ ಜಾರತ್ತೆ. ಗೂಡಿನ ಹತ್ರ ನಿಂತು ಫೋಟೋ ತೆಗೆದು ಲೊಕೇಶನ್ ಸಮೇತ ಹಾಕೋದು, ಮೊಬೈಲಲ್ಲಿ ಹಕ್ಕಿ ಕೂಗು ಹಾಕಿ ಕರೆಯೋದು, ಇವೆರಡೂ ಬೇಡ.

ತಗೊಳ್ಳೋ ಮುಂಚೆ

ಸಾಧ್ಯ ಆದ್ರೆ ಒಂದು ದಿನ ಬಾಡಿಗೆಗೆ ತಗೊಂಡು ನೀವು ದಿನಾ ನಡೆಯೋ ದಾರೀಲೇ ಪೂರ್ತಿ ಹಿಡ್ಕೊಂಡು ನಡೀರಿ, ಅಂಗಡಿ ಕೌಂಟರ್ ಮುಂದೆ ಎತ್ತಿ ನೋಡಿದ್ರೆ ಎಲ್ಲಾ ಹಗುರಾನೇ. ಕುತ್ತಿಗೆಗೆ ಹಾಕೋ ಸ್ಟ್ರಾಪ್ ಬದಲು ಅಡ್ಡ ಹೆಗಲಿಗೆ ಬರೋದು ತಗೊಳ್ಳಿ, ಎಕ್ಸ್‌ಟ್ರಾ ಬ್ಯಾಟರಿ ಒಂದು, ಮಳೆಗೆ ದಪ್ಪ ಪ್ಲಾಸ್ಟಿಕ್ ಕವರ್ ಒಂದು.

ಸೆಕೆಂಡ್ ಹ್ಯಾಂಡ್ ಲೆನ್ಸ್ ಆದ್ರೆ ಎರಡೂ ಕಡೆ ಮುಚ್ಚಳ ತೆಗೆದು, ಅಪರ್ಚರ್ ತೆರೆದಿರೋ ಹಂಗೆ ನೋಡ್ಕೊಂಡು, ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು ಇನ್ನೊಂದು ಕಡೆಯಿಂದ ಕಣ್ಣಿಟ್ಟು ನೋಡಿ. ಅಲ್ಲೊಂದು ಇಲ್ಲೊಂದು ಧೂಳು ಪರವಾಗಿಲ್ಲ. ಜೇಡರ ಬಲೆ ಎಳೆ ಥರ ಕವಲೊಡೆದಿರೋದು ಕಂಡ್ರೆ ಅದು ಫಂಗಸ್ಸು, ನಮ್ಮ ಮಳೆಗಾಲದ ತೇವಕ್ಕೆ ಬೀರೂಲಿ ಇಟ್ಟ ಲೆನ್ಸಿಗೆಲ್ಲಾ ಬರತ್ತೆ, ಎಷ್ಟು ಅಗ್ಗಕ್ಕೆ ಕೊಟ್ರೂ ವಾಪಸ್ ಕೊಟ್ಟು ಎದ್ದು ಬನ್ನಿ. ನಿಮ್ಮದಕ್ಕೂ ಅದೇ ಗತಿ ಬರಬಾರದು ಅಂದ್ರೆ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಲಿ ಸಿಲಿಕಾ ಜೆಲ್ ಹಾಕಿ ಇಡಿ, ಜೆಲ್ ಬಣ್ಣ ಬದಲಾದಾಗ ಬಾಣಲೇಲಿ ಸಣ್ಣ ಉರೀಲಿ ಬಿಸಿ ಮಾಡಿ ಆರಿಸಿ ಮತ್ತೆ ಹಾಕಿ. ಆ ಬಾಣಲೆ ಅಡುಗೆಗೆ ಬಳಸಬೇಡಿ.